ಒಣಮೀನಕ್ಕ ಕಡಿದ ಹಗ್ಗ

ಬೆಳಿಗ್ಗೆ ಬಸ್ಸಿನಿಂದ ಇಳಿಯುವಾಗ ಒಣಮೀನಕ್ಕನ ಸೆರಗು ಗಂಜಿ ಹಾಕಿದ ಬಟ್ಟೆಯಂತೆ ಬಿರುಸಾಗಿರುತ್ತಿತ್ತು. ಅದು ಗಂಜಿಯಲ್ಲ, ಉಪ್ಪು. ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಹಾರದ ಮಂಜು ಆ ಉಪ್ಪಿಗೆ ತಾಗಿ, ಮಳೆ ಬಾರದಿದ್ದರೂ ಸೆರಗು ತಾನಾಗಿ ಒದ್ದೆಯಾಗಿ ಭುಜಕ್ಕೆ ಅಂಟಿಕೊಳ್ಳುತ್ತಿತ್ತು. ಅವರು ಅದನ್ನು ಹಿಂಡಿ ಮತ್ತೆ ಹೊದ್ದುಕೊಳ್ಳುತ್ತಿದ್ದರು. "ಎಲ್ಲರೂ ಚಾ ಕುಡೀತಾರೆ, ನನ್ನ ಸೀರೆ ನಿಮ್ಮ ಊರಿನ ಮಂಜು ಕುಡೀತದೆ" ಎಂದು ನಗುತ್ತಿದ್ದರು.

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ನಮ್ಮ ಕಡೆ ಯಾರೂ ಆ ಹೆಸರಿನಿಂದ ಕರೆದವರಿಲ್ಲ, ನಾನೂ ಕರೆಯಲಿಲ್ಲ. ಘಟ್ಟದ ಕೆಳಗೆ, ಹೊಳೆ ಸಮುದ್ರ ಸೇರುವ ಅಳಿವೆಯ ಬದಿಯಲ್ಲಿ ಅವರ ಊರು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅಲ್ಲಿಂದ ಮೂವರು ಹೆಂಗಸರು ವಾರಕ್ಕೊಮ್ಮೆ ಮೊದಲ ಬಸ್ಸಿಗೆ ಚಾರ್ಮಾಡಿ ಹತ್ತಿ ಬರುತ್ತಿದ್ದರು. ಬುಟ್ಟಿಗಳು ಬಸ್ಸಿನ ಮೇಲೆ, ಅವರು ಹಿಂದಿನ ಸೀಟಿನಲ್ಲಿ. ಮಳೆಗಾಲಕ್ಕೆ ಮುಂಚೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆಲ್ಲ ಒಣಮೀನು ಬೇಕು. ಮೂವರೂ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದೇ ಸಾಲಿನಲ್ಲಿ ಗೋಣಿ ಹಾಸಿ ಕೂರುತ್ತಿದ್ದರು.

"ಅಕ್ಕಾ, ನಿಮ್ಮ ಬುಟ್ಟಿಗೆ ಅರ್ಧ ಟಿಕೆಟ್, ವಾಸನೆಗೆ ಫುಲ್ ಟಿಕೆಟ್" ಎಂದು ಕಂಡಕ್ಟರ್ ಛೇಡಿಸಿದರೆ, "ವಾಸನೆ ನಿನಗೆ ಧರ್ಮಕ್ಕೆ ಕೊಟ್ಟಿದ್ದೇನೆ, ಮನೆಗೆ ತಗೊಂಡ್ಹೋಗು ಮಾರಾಯ" ಎನ್ನುತ್ತಿದ್ದರು.

ನಮ್ಮದು ಆ ನಿಲ್ದಾಣದ ಎದುರಿನ ದಿನಸಿ ಅಂಗಡಿ. ಅಪ್ಪ ಸಣ್ಣ ಬೆಳೆಗಾರರಿಂದ ಕಾಫಿಯನ್ನೂ ಕೊಳ್ಳುತ್ತಿದ್ದರು. ನಾವು ಲಿಂಗ ಕಟ್ಟಿದವರು. ಮೀನು ಮನೆಯ ಮಾತಿನಲ್ಲೂ ಬರುತ್ತಿರಲಿಲ್ಲ. ಒಣಮೀನಕ್ಕ ನಮ್ಮಲ್ಲಿಗೆ ಬರುತ್ತಿದ್ದದ್ದು ಹಳೇ ಗೋಣಿಚೀಲಕ್ಕೆ. ಕಾಫಿ ತುಂಬಿ ಸವೆದ ಚೀಲ ಅವರಿಗೆ ಮೀನು ಕಟ್ಟಲು ಬೇಕಿತ್ತು. ಅಂಗಡಿಯ ಮೆಟ್ಟಿಲು ಹತ್ತದೆ ಚರಂಡಿಯ ಆಚೆ ನಿಂತು ಕೇಳುತ್ತಿದ್ದರು.

"ಸ್ವಲ್ಪ ಆ ಕಡೆ ನಿಂತ್ಕಳಿ, ಗಿರಾಕಿಗಳು ಬರ್ತಾರೆ" ಎಂದು ಅಪ್ಪ ಒಮ್ಮೆ ಹೇಳಿದರು.

"ನಿಂತ್ಕೊಳ್ತೇನೆ ಸಾಹುಕಾರ್ರೇ. ಆದ್ರೆ ನಿಮ್ಮ ಕಡೆ ಕಾಫಿಹಣ್ಣು ತೊಳೆದ ನೀರು ತೋಡಿಗೆ ಬಿಡ್ತೀರಲ್ಲ, ಆ ವಾಸನೆಗೆ ನನ್ನ ಬಂಗುಡೆಯೇ ಮೂಗು ಮುಚ್ಚಿಕೊಳ್ತದೆ. ಸತ್ತು ಒಣಗಿದ್ದು, ಪಾಪ. ಆ ನೀರೆಲ್ಲ ಕೊನೆಗೆ ಬರುದು ನಮ್ಮ ಅಳಿವೆಗೇ ಅಲ್ವಾ?"

ಅಪ್ಪ ನಕ್ಕುಬಿಟ್ಟರು. ಅವತ್ತಿನಿಂದ ಚೀಲಗಳನ್ನು ಚರಂಡಿಯಾಚೆ ಎಸೆಯುವ ಬದಲು ಮಗಳಾದ ನನ್ನ ಕೈಯಲ್ಲಿ ಕೊಟ್ಟು ಕಳಿಸತೊಡಗಿದರು.

ನಾನಾಗ ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತಾ ಅಂಗಡಿಯಲ್ಲಿ ಕೂತಿದ್ದೆ. ಜೊತೆಯಲ್ಲಿ ಓದಿದವರೆಲ್ಲ ಎಲ್ಲೆಲ್ಲಿಗೋ ಹೋಗಿದ್ದರು. ವಾರದಲ್ಲಿ ಆರು ದಿನ ನಾನು ಮಾತನಾಡುತ್ತಿದ್ದದ್ದು ಸಕ್ಕರೆ, ಬೆಲ್ಲ, ಸೀಮೆಎಣ್ಣೆಯ ಬಗ್ಗೆ. ಏಳನೆಯ ದಿನ ಒಣಮೀನಕ್ಕ ಬರುತ್ತಿದ್ದರು. ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ತಮ್ಮ ಕುಚ್ಚಲಕ್ಕಿ ಅನ್ನದ ಡಬ್ಬಿ ಬಿಚ್ಚಿ, ರಸ್ತೆಗೆ ಬೆನ್ನು ಹಾಕಿ, ಘಟ್ಟ ಇಳಿಯುವ ಕಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ, "ಆ ಕಡೆ ಬೆನ್ನು ಹಾಕಿದ್ರೆ ಗಂಟಲಲ್ಲಿ ಇಳಿಯುದಿಲ್ಲ" ಎಂದರು. ಅವರ ಗಂಡ ಸಮುದ್ರಕ್ಕೆ ಹೋಗಿ ವಾಪಸು ಬಂದಿರಲಿಲ್ಲ. ಅದನ್ನು ಅವರು ಹೇಳಿದ್ದು ಒಂದೇ ಸಲ, ಒಂದೇ ವಾಕ್ಯದಲ್ಲಿ.

ಅವರ ಕುತ್ತಿಗೆಯಲ್ಲಿ, ಕರಿಮಣಿ ಇರುವ ಜಾಗದಲ್ಲಿ, ಕಪ್ಪು ದಾರಕ್ಕೆ ಕಟ್ಟಿದ ಒಂದು ಬೀಗದ ಕೈ ಇರುತ್ತಿತ್ತು. ಮನೆಯದೆಂದು ನಾನು ತಿಳಿದಿದ್ದೆ.

"ನನ್ನ ಮನೆಗೆ ಬೀಗ ಯಾಕೆ? ಇದು ಭಜನಾ ಮಂದಿರದ ಹಿಂದಿನ ಕೋಣೆದು. ಅಲ್ಲಿ ದೊಡ್ಡವಳ ಸಾಮಾನು ಉಂಟು."

ದೊಡ್ಡವಳು ಎಂದರೆ ತಿಮಿಂಗಿಲ. ಅವರು ಆ ಪದವನ್ನು ಬಳಸುತ್ತಲೇ ಇರಲಿಲ್ಲ. ನನ್ನ ಪ್ರಾಣಿಶಾಸ್ತ್ರವನ್ನು ಮೆರೆಸುವ ಅವಕಾಶ ಸಿಕ್ಕಿತೆಂದು, "ಅದು ಮೀನಲ್ಲಕ್ಕಾ, ಮರಿಗೆ ಹಾಲು ಕೊಡುತ್ತೆ" ಎಂದೆ.

"ನಿನ್ನ ಪುಸ್ತಕದಲ್ಲಿ ಉಂಟಾ ಅದು? ಒಳ್ಳೇದಾಯ್ತು" ಎಂದರು. ಸ್ವಲ್ಪ ಹೊತ್ತು ಮೀನಿನ ಮೇಲಿನ ನೊಣ ಓಡಿಸಿದರು. "ನಾನು ಮದುವೆಯಾಗಿ ಬಂದ ವರ್ಷ ಒಬ್ಬಳು ನಮ್ಮ ಮರಳಿಗೆ ಬಂದು ಬಿದ್ದಿದ್ದಳು. ಎರಡು ದಿನ ಜೀವ ಇತ್ತು. ಊರವರು ಮೇಲೆ ಹತ್ತಿ ನಿಂತು ಫೋಟೋ ತೆಗೆಸಿದ್ರು. ನಾನೂ ನೋಡ್ಲಿಕ್ಕೆ ಹತ್ತಿರ ಹೋದೆ. ಉಸಿರು ಬಿಟ್ಟಳು, ನನ್ನ ಮುಖಕ್ಕೆ ಬಿಸಿ ತಾಗಿತು. ನಾನು ಹುಟ್ಟಿದಾಗಿಂದ ಮೀನು ಮುಟ್ಟಿದವಳು ಮಗಾ. ಮೀನಿಗೆ ಬಿಸಿ ಉಸಿರಿಲ್ಲ."

ಆ ಬಿಸಿಯನ್ನು ಅವರು ಮರೆಯಲಿಲ್ಲ. ವರ್ಷಗಟ್ಟಲೆ ಊರವರ ಬೆನ್ನು ಹತ್ತಿದರು. ಊರಿನ ಹಿರಿಯರಾದ ಗುರಿಕಾರರನ್ನು ಒಪ್ಪಿಸಿದರು. ದೊಡ್ಡವಳು ದಡದ ಹತ್ತಿರ ಓಡಾಡುವ ತಿಂಗಳುಗಳಲ್ಲಿ ಅಳಿವೆಯ ಬಾಯಿಗೆ ಬಲೆ ಹಾಕುವುದಿಲ್ಲವೆಂದು ದೋಣಿಯವರೆಲ್ಲ ದೇವರೆದುರು ಮಾತು ಕೊಟ್ಟರು. ಮರಳು ತೆಗೆದು ಅಳಿವೆ ಕೆಡಿಸುತ್ತಿದ್ದ ಲಾರಿಗಳನ್ನು ನಿಲ್ಲಿಸಿದ ಕಥೆಯನ್ನಂತೂ ಅವರು ಅಭಿನಯಿಸಿ ಹೇಳುತ್ತಿದ್ದರು. ಜಗಳಕ್ಕೆ ಯಾರೂ ಹೋಗಲಿಲ್ಲವಂತೆ. ಊರಿನ ಹೆಂಗಸರೆಲ್ಲ ಸೇರಿ ಲಾರಿ ಬರುವ ದಾರಿಯುದ್ದಕ್ಕೂ ಮೀನು ಒಣಹಾಕಿದರು.

"ಡ್ರೈವರ್ ಇಳಿದು ಬಂದು 'ತೆಗೀರಿ' ಅಂದ. 'ಒಣಗಿದ ಮೇಲೆ ತೆಗೀತೇವೆ' ಅಂದೆ. 'ಯಾವಾಗ ಒಣಗ್ತದೆ?' ಅಂದ. 'ಒಳ್ಳೆ ಬಿಸಿಲು ಬಂದ್ರೆ ಮೇ ತಿಂಗಳಿಗೆ' ಅಂದೆ. ಅದು ಡಿಸೆಂಬರು!"

ಇನ್ನು ಆ ಕೋಣೆ. ಹಳೇ ಬಲೆಯನ್ನು ನಾಲ್ಕು ಪದರ ಮಡಿಸಿ ಹೊಲಿದ ದೊಡ್ಡ ಜೋಳಿಗೆ, ಉದ್ದನೆಯ ಎರಡು ಜೊತೆ ಹಗ್ಗ, ಗುದ್ದಲಿ, ಕೊಡಪಾನ, ಜೊತೆಗೆ ನಮ್ಮ ಅಂಗಡಿಯ ಗೋಣಿಚೀಲಗಳು. ಅವನ್ನು ನೆನೆಸಿ ಬಿದ್ದವಳ ಮೈಮೇಲೆ ಹೊದಿಸಬೇಕು, ಚರ್ಮ ಒಣಗಬಾರದು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಒಂದು ಹಳೇ ದೋಣಿಗೆ ಒದ್ದೆ ಮರಳು ತುಂಬಿ, ಅದನ್ನೇ ದೊಡ್ಡವಳೆಂದು ಮಾಡಿಕೊಂಡು ಊರವರು ಅಭ್ಯಾಸ ಮಾಡುತ್ತಿದ್ದರು. ಕಲಿಯದವರು ಹಗ್ಗ ಮುಟ್ಟುವಂತಿಲ್ಲ. ಆ ನಿಯಮ ಒಣಮೀನಕ್ಕನದೇ. ಒಂದು ಸಲ ಮರಿಯೊಂದನ್ನು ಅವರೆಲ್ಲ ಸೇರಿ ನೀರಿಗೆ ಕಳಿಸಿದ್ದರು. ಅದನ್ನು ಹೇಳುವಾಗ ಅವರ ಕೈ ತಾನಾಗಿ ಬೀಗದ ಕೈಯನ್ನು ಮುಟ್ಟಿಕೊಳ್ಳುತ್ತಿತ್ತು.

ನಾನು ಸಮುದ್ರ ನೋಡಿರಲಿಲ್ಲ. ಆ ಮಾರ್ಚಿನಲ್ಲಿ ಒಣಮೀನಕ್ಕನ ಊರಿಗೆ ಹೋಗಿ ಬರಲು ಅಪ್ಪ ಒಪ್ಪಿದರು. "ಎರಡು ದಿನ. ಊಟದ ಬಗ್ಗೆ ಹುಷಾರು" ಎಂದಷ್ಟೇ ಹೇಳಿದರು. ಒಣಮೀನಕ್ಕ ನನಗಾಗಿ ಹೊಸ ಮಡಕೆ ತಂದು, ಅಂಗಳದಲ್ಲಿ ಬೇರೆ ಒಲೆ ಹೂಡಿ, ಬಸಳೆ ಸೊಪ್ಪಿನ ಸಾರು ಮಾಡಿಟ್ಟಿದ್ದರು. "ನಿನ್ನ ಅಪ್ಪನ ಹತ್ರ ಹೇಳು, ಸೌಟಿಗೂ ಮೀನು ತೋರಿಸ್ಲಿಲ್ಲ ಅಂತ."

ಮರುದಿನ ಬೆಳಿಗ್ಗೆ ಅಳಿವೆಯ ಕಡೆಯಿಂದ ಕೂಗು ಕೇಳಿತು.

ಮರಳುದಿಣ್ಣೆಯ ಮೇಲೆ ತಿಮಿಂಗಿಲವೊಂದು ಬಿದ್ದಿತ್ತು. ಒಂದೂವರೆ ದೋಣಿಯಷ್ಟು ಉದ್ದ. ಇನ್ನೂ ಬೆಳೆಯುವ ಪ್ರಾಯದ್ದು ಎಂದು ಯಾರೋ ಹೇಳಿದರು. ಮೈ ಕಪ್ಪು, ಹೊಟ್ಟೆಯ ಕಡೆ ಉದ್ದುದ್ದ ನೆರಿಗೆ. ಕಣ್ಣು ನಾನೆಣಿಸಿದ್ದಕ್ಕಿಂತ ಬಹಳ ಸಣ್ಣದು, ತೆರೆದೇ ಇತ್ತು. ಒಣಮೀನಕ್ಕ ಕೋಣೆಯ ಬೀಗ ತೆಗೆದರು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಗುದ್ದಲಿಯವರು ಸುತ್ತ ಕಾಲುವೆ ತೋಡಿದರು, ಹೆಂಗಸರು ಸಾಲಾಗಿ ನಿಂತು ಕೊಡಪಾನದಲ್ಲಿ ನೀರು ಸಾಗಿಸಿದರು. ನನ್ನನ್ನು ಒಣಮೀನಕ್ಕ ಭುಜ ಹಿಡಿದು ಚೀಲಗಳ ರಾಶಿಯ ಹತ್ತಿರ ಕೂರಿಸಿದರು.

"ನಿನ್ನ ಕೆಲಸ ಇಲ್ಲಿ. ಚೀಲ ನೆನೆಸು, ಕೊಡು. ಹಗ್ಗದ ಹತ್ರ ಬರ್ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತಕ್ಕಾ" ಎಂದೆ.

ಮಧ್ಯಾಹ್ನದ ಉಬ್ಬರಕ್ಕೆ ನೀರು ಏರತೊಡಗಿತು. ಜೋಳಿಗೆ ಮೈಯ ಕೆಳಗೆ ಹೋಗಿತ್ತು. ಎರಡು ಯಂತ್ರದ ದೋಣಿಗಳು ಸಮುದ್ರದ ಕಡೆಯಿಂದ ನಿಧಾನವಾಗಿ ಎಳೆಯುತ್ತಿದ್ದವು. ದಡದಲ್ಲಿ ಎಡಕ್ಕೊಂದು, ಬಲಕ್ಕೊಂದು ಹಗ್ಗ. ಅವುಗಳ ಕೆಲಸ ಎಳೆಯುವುದಲ್ಲ, ಅಲೆ ಹೊಡೆದಾಗ ದೊಡ್ಡವಳು ಅಡ್ಡ ತಿರುಗದಂತೆ ತಡೆಯುವುದು. ತಲೆ ಸಮುದ್ರಕ್ಕೇ ಇರಬೇಕು. ಗುರಿಕಾರರು "ಬುಡ್ಲೆ" ಎಂದು ಕೂಗುತ್ತಿದ್ದರು, ತುಳುವಿನಲ್ಲಿ ಬಿಡಿ ಎಂದು. ಆಗ ಎಲ್ಲರೂ ಹಿಡಿತ ಸಡಿಲಿಸಬೇಕು, ಹಗ್ಗ ಅಂಗೈಯ ಮೇಲೆ ಜಾರಬೇಕು, ಅವರು ಮತ್ತೆ ಹೇಳಿದಾಗ ಹಿಡಿಯಬೇಕು. ಅವಳು ಅಲ್ಲಾಡಿದಳು. ದಡದಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. ಇನ್ನೊಂದು ಅಲೆ, ಇನ್ನೊಂದೇ ಅಲೆ ಸಾಕು ಎನ್ನುವಂತಿತ್ತು.

ಅಷ್ಟರಲ್ಲಿ ಬಲಗಡೆಯ ಹಗ್ಗದಲ್ಲಿ ಮುದುಕರೊಬ್ಬರು ಕಾಲು ಜಾರಿ ಬಿದ್ದರು. ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು. ನಾನು ಚೀಲ ಬಿಟ್ಟು ಓಡಿದೆ.

ಹಗ್ಗ ಹಿಡಿದೆ. ಒದ್ದೆಯಾಗಿತ್ತು, ಜಾರುತ್ತಿತ್ತು. ಮಳೆಗಾಲದಲ್ಲಿ ನಮ್ಮ ಮಣ್ಣುರಸ್ತೆಯಲ್ಲಿ ಜೀಪು ಹೂತರೆ ಎಲ್ಲರೂ ಸೇರಿ ಹಗ್ಗ ಕಟ್ಟಿ ಎಳೆಯುತ್ತೇವೆ. ಕೆಸರಿನ ಕೈಯಲ್ಲಿ ಹಗ್ಗ ನಿಲ್ಲುವುದಿಲ್ಲ. "ಕೈಗೆ ಎರಡು ಸುತ್ತು ಹಾಕ್ಕೋ, ಜಾರಲ್ಲ" ಎಂದು ಅಪ್ಪ ನನಗೆ ಸಣ್ಣವಳಿದ್ದಾಗಲೇ ಕಲಿಸಿದ್ದರು. ಘಟ್ಟದ ಮೇಲಿನವರೆಲ್ಲ ಹಾಗೇ ಮಾಡುವುದು. ಹೂತ ಜೀಪು ತಿರುಗಿ ನಮ್ಮನ್ನು ಎಳೆಯುವುದಿಲ್ಲ.

ನಾನು ಬಲಗೈಗೆ ಎರಡು ಸುತ್ತು ಹಾಕಿಕೊಂಡೆ.

"ಬುಡ್ಲೆ!" ಎಂದು ಗುರಿಕಾರರು ಕೂಗಿದ್ದು ಕೇಳಿಸಿತು. ನನ್ನ ಹಿಂದೆ, ಮುಂದೆ ಎಲ್ಲರ ಕೈ ಸಡಿಲವಾಯಿತು. ಆಮೇಲೆ ನೆಲ ಇರಲಿಲ್ಲ. ಮಣಿಕಟ್ಟನ್ನು ಯಾರೋ ಕೊಡಲಿಯಿಂದ ಹೊಡೆದಂತಾಯಿತು, ಮರಳು ಮುಖಕ್ಕೆ ಉಜ್ಜಿತು, ನೀರೊಳಗೆ ಹೋದೆ. ಕಂದು ಬಣ್ಣದ ನೀರು, ಕಿವಿಯಲ್ಲಿ ಯಂತ್ರದ ಗುಂಯ್ ಸದ್ದು, ಪಕ್ಕದಲ್ಲೇ ಗೋಡೆಯಂಥ ಏನೋ ಹೊರಳುತ್ತಿತ್ತು. ಬಾಯಿ ತೆರೆದೆ, ಉಪ್ಪುನೀರು ತುಂಬಿತು. ಎಷ್ಟು ಹೊತ್ತು ಎಂದು ಈಗಲೂ ಗೊತ್ತಿಲ್ಲ. ಈಗಲೂ ಬಾವಿಕಟ್ಟೆಯ ರಾಟೆಗೆ ಹಗ್ಗ ಬಿಗಿಯುವ ಸದ್ದು ಕೇಳಿದರೆ ಬಲಗೈ ತಾನಾಗಿ ಎದೆಗೆ ಬಂದು ಅಂಟಿಕೊಳ್ಳುತ್ತದೆ. ತರಗತಿಯಲ್ಲಿ ಪಾಠ ಮಾಡುತ್ತಿದ್ದರೂ ಅಷ್ಟೇ. ಮಕ್ಕಳು ನೋಡುತ್ತಾರೆ, ನಾನು ಸೀಮೆಸುಣ್ಣ ಹುಡುಕುವವಳಂತೆ ತಿರುಗುತ್ತೇನೆ.

ಆ ನೀರೊಳಗೆ ಒಂದು ಕೈ ನನ್ನ ಜಡೆ ಹಿಡಿಯಿತು. ಒಣಮೀನಕ್ಕ ಸೊಂಟದಲ್ಲಿದ್ದ ಮೀನಿನ ಕತ್ತಿಯಿಂದ ನನ್ನ ಕೈಯ ಮುಂದೆ, ಸಮುದ್ರದ ಕಡೆಗೆ, ಹಗ್ಗ ಕಡಿದಿದ್ದರು.

ಬಲಗಡೆ ಹಿಡಿಯಲು ಹಗ್ಗ ಉಳಿಯಲಿಲ್ಲ. ಮುಂದಿನ ಅಲೆಗೆ ಅವಳು ಅಡ್ಡ ತಿರುಗಿದಳು. ಅದರ ಮುಂದಿನದಕ್ಕೆ ಮಗ್ಗುಲಾಗಿ ಮತ್ತೆ ದಿಣ್ಣೆಗೆ ಬಂದು ಬಿದ್ದಳು. ಜೋಳಿಗೆ ಹರಿಯಿತು. ಬೇರೆ ಹಗ್ಗ ಬಿಗಿಯುವಷ್ಟರಲ್ಲಿ ಇಳಿತ ಶುರುವಾಗಿತ್ತು. ನನ್ನನ್ನು ಮರಳಿನ ಮೇಲೆ ಬೋರಲು ಮಲಗಿಸಿ ನೀರು ಕಕ್ಕಿಸುತ್ತಿದ್ದಾಗ ಅವಳ ಉಸಿರು ಕೇಳುತ್ತಿತ್ತು, ದೊಡ್ಡ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಂಥ ಸದ್ದು. ಸಂಜೆಯೊಳಗೆ ಅದು ನಿಂತುಹೋಯಿತಂತೆ. ಅಷ್ಟರಲ್ಲಿ ನನ್ನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮಣಿಕಟ್ಟು ಮುರಿದಿತ್ತು, ಭುಜ ಜಾರಿತ್ತು. ಅಪ್ಪ ಬಂದು ಮನೆಗೆ ಕರೆತಂದರು.

ಮಳೆ ಕಳೆದ ಮೇಲೆ ಒಣಮೀನಕ್ಕ ಮತ್ತೆ ಬಂದರು. ಆದರೆ ಉಳಿದ ಇಬ್ಬರ ಸಾಲಿನಲ್ಲಿ ಕೂರಲಿಲ್ಲ. ರಸ್ತೆಯ ಈಚೆ, ನಮ್ಮ ಅಂಗಡಿಯಿಂದ ಸ್ವಲ್ಪ ದೂರ, ಒಬ್ಬರೇ ಗೋಣಿ ಹಾಸಿದರು. ಕುತ್ತಿಗೆಯ ದಾರ ಕಾಣಲಿಲ್ಲ. ನಾನು ಆಚೆಯ ಹೆಂಗಸರಲ್ಲೊಬ್ಬರನ್ನು ಕೇಳಿದೆ.

"ಬೀಗದ ಕೈ ತಗೊಂಡ್ರು. ಮತ್ತೆಂತ ಮಾಡುದು? ಕಲಿಯದವರು ಹಗ್ಗ ಮುಟ್ಬಾರ್ದು ಅಂತ ಇಡೀ ಊರಿಗೆ ಹೇಳಿದವಳು ಅವಳೇ. ನಿಮ್ಮನ್ನ ಹಗ್ಗಕ್ಕೆ ನಿಲ್ಲಿಸಿದ್ದೂ ಅವಳೇ ಅಂತೆ. ಗುರಿಕಾರ್ರ ಎದುರು ಅವಳೇ ಒಪ್ಪಿಕೊಂಡಳು. ಕೈಯಲ್ಲಿದ್ದ ಜೀವ ಹೋಯ್ತು ನೋಡಿ."

ನಾನು ಇನ್ನೂ ಪೂರ್ತಿ ಕೂಡಿರದ ಕೈಯೊಂದಿಗೆ ರಸ್ತೆ ದಾಟಿ ಒಣಮೀನಕ್ಕನ ಎದುರು ಕೂತೆ.

"ನೀವು ನನ್ನನ್ನ ಚೀಲದ ಹತ್ರ ಕೂರಿಸಿದ್ರಿ. ನಾನೇ ಎದ್ದು ಬಂದದ್ದು. ಯಾಕಕ್ಕಾ ಹಾಗೆ ಹೇಳಿದ್ರಿ?"

ಅವರು ಬುಟ್ಟಿಯ ಮೀನನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದರು. "ನೀನು ಆಸ್ಪತ್ರೆಯಲ್ಲಿ ಇದ್ದಿ. ಎಲ್ಲರಿಗೂ ಸಿಟ್ಟು. ಘಟ್ಟದ ಹುಡುಗಿ ಕೊಂದಳು ಅಂತ ಒಬ್ಬ ಬಾಯಿ ತೆಗೆದ. ನನ್ನ ಮನೆಗೆ ಬಂದು ಉಂಡವಳು ನೀನು. ಆ ಮಾತು ನಿನ್ನ ಹಿಂದೆ ಘಟ್ಟ ಹತ್ತುದು ಬೇಡ ಅನಿಸ್ತು."

"ನಾನು ಬಂದು ನಿಜ ಹೇಳ್ತೇನೆ."

ಅವರು ತಲೆಯೆತ್ತಿ ನೋಡಿದರು. ಬೇಡ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಎನ್ನಲಿಲ್ಲ.

"ಬಾ" ಎಂದರು. "ಕೈ ಸರಿಯಾಗ್ಲಿ. ಆಮೇಲೆ ಬಾ."

ಕೈ ಸರಿಯಾಯಿತು. ನಾನು ಹೋಗಲಿಲ್ಲ. ಒಂದು ಸಲ ಬಸ್ಸು ಹತ್ತಿದ್ದೆ. ಘಟ್ಟದ ಮೊದಲ ತಿರುವುಗಳಲ್ಲೇ ಬಾಯಿಯಲ್ಲಿ ಉಪ್ಪುನೀರಿನ ರುಚಿ ಬಂತು, ಉಸಿರು ಕಟ್ಟಿತು, ಕಂಡಕ್ಟರಿಗೆ ಹೇಳಿ ನಡುದಾರಿಯಲ್ಲಿ ಇಳಿದು ಎದುರು ಬಂದ ಜೀಪಿನಲ್ಲಿ ವಾಪಸಾದೆ. ಇದು ನಿಜ. ಆದರೆ ಒಂದು ಕಾಗದ ಬರೆದು ಅವರ ಕೈಯಲ್ಲೇ ಗುರಿಕಾರರಿಗೆ ಕಳಿಸಬಹುದಿತ್ತು. ಅದಕ್ಕೆ ಘಟ್ಟ ಇಳಿಯಬೇಕಾಗಿರಲಿಲ್ಲ. ಕಾಗದದ ಕಟ್ಟು ಅಂಗಡಿಯಲ್ಲೇ ಇತ್ತು. ಬರೆಯಲಿಲ್ಲ. ನಾನು ಕೊಂದೆ ಎಂಬುದನ್ನು ನನ್ನದೇ ಅಕ್ಷರದಲ್ಲಿ ನೋಡುವ ಧೈರ್ಯವಿರಲಿಲ್ಲ.

ಮೊದಲೆರಡು ವರ್ಷ ಮಳೆ ಮುಗಿಯುವ ಹೊತ್ತಿಗೆ ಒಣಮೀನಕ್ಕ ಕೇಳುತ್ತಿದ್ದರು, "ಈ ಸಲ ಬರ್ತೀಯಾ ಮಗಾ?" ನಾನು ಪರೀಕ್ಷೆ ಎನ್ನುತ್ತಿದ್ದೆ, ಸಂದರ್ಶನ ಎನ್ನುತ್ತಿದ್ದೆ. ಮೂರನೆಯ ವರ್ಷದಿಂದ ಅವರು ಕೇಳಲಿಲ್ಲ. ನನಗೆ ಚಿಕ್ಕಮಗಳೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ರಜೆಗೆ ಮಾತ್ರ ಊರಿಗೆ ಬರುತ್ತಿದ್ದೆ. ಬಂದಾಗ ಅವರು ಒಬ್ಬರೇ ಕೂತಿರುತ್ತಿದ್ದರು. ಕಂಡಕ್ಟರುಗಳು ಬದಲಾಗಿದ್ದರು, ಛೇಡಿಸುವವರಿರಲಿಲ್ಲ. ಘಟ್ಟದ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ನಾನು ಪಕ್ಕದಲ್ಲಿ ಕೂತರೆ ಮಕ್ಕಳು ಹೇಗೆ ಓದುತ್ತಾರೆ, ಚಳಿ ಎಷ್ಟಿದೆ ಎಂದು ಕೇಳುತ್ತಿದ್ದರು. ಅಳಿವೆಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಹೊರಡುವಾಗ, ನನ್ನ ಮಣಿಕಟ್ಟನ್ನು ತಿರುಗಿಸಿ ಗುರುತು ನೋಡಿ, "ನೋವುಂಟಾ?" ಎಂದರು. "ಚಳಿಗೆ ಸ್ವಲ್ಪ" ಎಂದೆ. "ಹ್ಞೂಂ" ಎಂದು ಕೈ ಬಿಟ್ಟರು.

ಒಂದು ರಜೆಯಲ್ಲಿ ಅವರ ಜಾಗ ಖಾಲಿಯಿತ್ತು. ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು ಎಂದು ಆಚೆಯ ಹೆಂಗಸು ಹೇಳಿದರು. "ನಾಡಿದ್ದು ಉತ್ತರಕ್ರಿಯೆ. ಬರ್ತೀರಾ?"

ಹೋದೆ. ಘಟ್ಟ ಇಳಿಯುವಾಗ ಇಡೀ ದಾರಿ ಎದುರು ಸೀಟಿನ ಕಂಬಿ ಹಿಡಿದಿದ್ದೆ, ವಾಂತಿಯಾಯಿತು, ಇಳಿಯಲಿಲ್ಲ.

ಭಜನಾ ಮಂದಿರದ ಜಗಲಿಯಲ್ಲಿ ಗುರಿಕಾರರು ಕೂತಿದ್ದರು. ಬಹಳ ಮುದುಕರಾಗಿದ್ದರು. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ನನಗೊಬ್ಬನಿಗೆ ಹೇಳಿದ್ರೆ ಆಗುದಿಲ್ಲ" ಎಂದರು. "ಅವಳಿಂದ ಬೀಗದ ಕೈ ತೆಗೆದುಕೊಳ್ಳುವಾಗ ಊರೆಲ್ಲ ಇತ್ತು."

ಒಳಗೆ ಊಟಕ್ಕೆ ಮುಂಚೆ ಜನ ಸೇರಿದ್ದರು. ವಯಸ್ಸಾದವರಲ್ಲಿ ಹಲವರಿಗೆ ತುಳು ಬಿಟ್ಟರೆ ಬೇರೆ ಬಾರದು. ನಾನು ನಿಂತು ಒಂದೊಂದೇ ವಾಕ್ಯ ಹೇಳಿದೆ, ಗುರಿಕಾರರು ತುಳುವಿಗೆ ತಿರುಗಿಸಿದರು. ಹಗ್ಗದ ಹತ್ರ ಬರಬೇಡ ಎಂದು ಒಣಮೀನಕ್ಕ ನನಗೆ ಹೇಳಿದ್ದರು ಎಂಬಲ್ಲಿಗೆ ಬಂದಾಗ ಗುರಿಕಾರರ ಧ್ವನಿ ನಿಂತಿತು. ಮತ್ತೆ ಮೊದಲಿನಿಂದ ಆ ವಾಕ್ಯ ಹೇಳಿದರು.

ಯಾರೂ ಬೈಯಲಿಲ್ಲ. ಗೋಡೆಗೊರಗಿ ಕೂತಿದ್ದ ಒಬ್ಬ ಮುದುಕಿ ಏನೋ ಕೇಳಿದಳು.

"ನೀವು ಬಂದು ಇದನ್ನ ಹೇಳ್ತೀರಿ ಅಂತ ಅವಳಿಗೆ ಗೊತ್ತಿತ್ತಾ ಅಂತ ಕೇಳ್ತಿದ್ದಾರೆ" ಎಂದರು ಗುರಿಕಾರರು.

"ಗೊತ್ತಿತ್ತು. ಬರ್ತೇನೆ ಅಂದಿದ್ದೆ. ಬಾ ಅಂದಿದ್ರು."

"ಎಷ್ಟು ವರ್ಷ ಆಯ್ತು?"

"ಎಂಟು."

ಅದನ್ನು ಅವರು ತುಳುವಿನಲ್ಲಿ ಹೇಳಲಿಲ್ಲ. ಮುದುಕಿಯ ಕಡೆ ತಿರುಗಿ ಎರಡೂ ಕೈ ಎತ್ತಿದರು, ಎರಡು ಬೆರಳು ಮಡಿಸಿದರು, ಎಲ್ಲರಿಗೂ ಕಾಣುವಷ್ಟು ಹೊತ್ತು ಹಾಗೇ ಹಿಡಿದಿದ್ದರು.